ಅರ್ಧಕ್ಕೆ ನಿಂತ ಹಾರ್ನ್

ಕರೆಂಟು ಹೋಗಬಹುದಿತ್ತು. ಹೋದ ಕರೆಂಟು ಮರಳಿ ಬರುವಾಗ ಒಮ್ಮೆಲೇ ಜಾಸ್ತಿ ಬಂದು ಕಂಪ್ಯೂಟರು ಸುಟ್ಟುಹೋಗಬಹುದಿತ್ತು. ಅದರ ಹಿಂದಿನ ಜಾಲರಿಯೊಳಗೆ ಹಲ್ಲಿ ಹೊಕ್ಕು, ಹಲ್ಲಿಯೂ ಯಂತ್ರವೂ ಕೂಡಿಯೇ ಸಾಯಬಹುದಿತ್ತು. ಗುಡ್ಡದ ಕೋಟೆಯಿಂದ ಇಳಿದು ಬರುವ ಮಂಗಗಳು ಕಿಟಕಿಯಲ್ಲಿ ಕೈ ಹಾಕಿ ಮೈಕು ಕಿತ್ತುಕೊಂಡು ಹೋಗಬಹುದಿತ್ತು. ಮಂಗ ಅದನ್ನು ಬಾಯಿಗೆ ಹಾಕಿಕೊಂಡರೆ ದನಿ ಮುದ್ರಣವಾಗುತ್ತದೆಯೇ ಎಂಬುದನ್ನು ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಸಿ.ಡಿ. ಮೇಲೆ ಗೀರು ಬಿದ್ದು ನನ್ನ ದನಿ ಒಂದೇ ಅಕ್ಷರದಲ್ಲಿ ಸಿಕ್ಕಿಹಾಕಿಕೊಳ್ಳಬಹುದಿತ್ತು. ಮೂರು ವಾರ ಓದಿ ಓದಿ ನನ್ನ ಗಂಟಲೇ ಬೀಳಬಹುದಿತ್ತು. ಕಣ್ಣು ಕಾಣದ ನನ್ನ ಹಳೆಯ ಮಾಸ್ತರರು ಮೆಟ್ಟಿಲಲ್ಲಿ ಜಾರಬಹುದಿತ್ತು. ಅವರು ಜಾರದಂತೆ ಹಿಡಿಯಲು ಹೋಗಿ ನಾನು ಜಾರಬಹುದಿತ್ತು, ನನ್ನ ಮೇಲೆ ಅವರು ಬೀಳಬಹುದಿತ್ತು, ಆಮೇಲೆ ಅವರ ಮಗಳಿಗೆ ಉತ್ತರ ಕೊಡಲು ನಾನೇ ಬದುಕಿ ಉಳಿಯಬಹುದಿತ್ತು. ಎಲ್ಲಕ್ಕೂ ಮಿಗಿಲಾಗಿ, ನಲವತ್ತೇಳನೆಯ ವಯಸ್ಸಿನಲ್ಲಿ ನಾನು ತಪ್ಪು ಓದಿ, ಮೂವತ್ತೈದು ವರ್ಷದ ಹಿಂದೆ ನನ್ನ ಕಿವಿ ಹಿಂಡಿದ ಕೈಯೇ ಮತ್ತೊಮ್ಮೆ ಹಿಂಡಬಹುದಿತ್ತು.

ಇವನ್ನೆಲ್ಲ ಹಳೆಯ ಕ್ಯಾಟಲಾಗ್ ಕಾರ್ಡುಗಳ ಬೆನ್ನಿಗೆ ಬರೆದಿಟ್ಟಿದ್ದೆ. ಒಟ್ಟು ಇಪ್ಪತ್ತಮೂರು ಕಾರ್ಡು. ನನ್ನ ಹೆಂಡತಿ ಅವನ್ನು ನೋಡಿ, ಬರೆದದ್ದು ಬರೆದಿರಿ, ಅಕಾರಾದಿಯಾಗಿಯಾದರೂ ಜೋಡಿಸಿರಿ, ಯಾವುದು ಕೆಟ್ಟಿತು ಅಂತ ಲಗೂನೆ ಹುಡುಕಲು ಬರುತ್ತದೆ ಎಂದಳು. ನಾನು ಜೋಡಿಸಿದೆ. ಆದರೆ ಕಾರ್ಡಿನಲ್ಲಿದ್ದ ಯಾವುದೂ ಕೆಡಲಿಲ್ಲ. ಕರೆಂಟು ಕೂಡ ನಾನು ಊಟಕ್ಕೆ ಹೋದ ಹೊತ್ತು ನೋಡಿಕೊಂಡೇ ಹೋಗಿ ಬಂತು.

ನಾನು ನೋಡಿಕೊಳ್ಳುತ್ತಿದ್ದ ವಾಚನಾಲಯ ಗಜೇಂದ್ರಗಡದ ಬಸ್ ಸ್ಟ್ಯಾಂಡಿಗೆ ಬೆನ್ನು ಹಚ್ಚಿಕೊಂಡಿತ್ತು. ಊರಿನ ನಾಲ್ಕಾರು ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಜಾಗ ಅದು. ಕೆಳಗಿನ ಕೋಣೆಯಲ್ಲಿ ಹಳೆಯ ಪೇಪರಿನ ಕಟ್ಟುಗಳು, ಮೇಲೆ ಪುಸ್ತಕಗಳು ಮತ್ತು ನಾನು. ನೇಕಾರರು ಮಗ್ಗ ಬಿಟ್ಟು ಬಂದು ಪೇಪರು ಓದುವರು. ಬಸ್ಸು ತಪ್ಪಿದವರು ಬಂದು ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಮಲಗುವರು. ಓದುವವರ ಪುಸ್ತಕ ಅಲುಗಾಡುವಂತೆ ಹಾರ್ನ್ ಹೊಡೆಯುವ ಬಸ್ಸುಗಳ ನಡುವೆ ನಮ್ಮ ಗೋಡೆಯ ಮೇಲೆ "ನಿಶ್ಶಬ್ದ" ಎಂಬ ಬೋರ್ಡು ಇತ್ತು. ಅದು ಡ್ರೈವರುಗಳಿಗೆ ಕಾಣುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿದ್ದಿರಬೇಕು. ದೂರದ ಒಂದು ಸಂಸ್ಥೆಯವರು, ಕಣ್ಣು ಕಾಣದವರೂ ವಾಚನಾಲಯಕ್ಕೆ ಬಂದು ಓದುವಂತಾಗಲಿ ಎಂದು, ತಾವು ಬಳಸಿದ ಕಂಪ್ಯೂಟರೊಂದನ್ನು ನಮಗೆ ಕೊಟ್ಟರು. ಪರದೆಯ ಮೇಲೆ ಬರೆದದ್ದನ್ನು ಅದೇ ಬಾಯಿ ಬಿಟ್ಟು ಓದುತ್ತದೆ ಎಂದರು. ಅದನ್ನು ನಡೆಸುವುದು ಹೇಗೆಂದು ರೋಣದಲ್ಲಿ ಒಂದು ದಿನದ ತರಬೇತಿ ಇತ್ತು. ತರಬೇತಿ ಮುಗಿಸಿ ಯಂತ್ರವನ್ನು ಬಸ್ಸಿನಲ್ಲಿ ತಂದೆ. ಪರದೆಯ ಪೆಟ್ಟಿಗೆಯನ್ನು ನನ್ನ ಶಾಲು ಹೊದಿಸಿ ತೊಡೆಯ ಮೇಲೆ ಇಟ್ಟುಕೊಂಡು, ತಗ್ಗು ಬಂದಾಗಲೆಲ್ಲ ಎದೆಗೆ ಅವುಚಿಕೊಳ್ಳುತ್ತಿದ್ದೆ. ಕಂಡಕ್ಟರನು ಶಾಲು ಸರಿಸಿ ನೋಡಿ, ಕೂಸಿಗೆ ಜ್ವರ ಏನ್ರಿ ಎಂದು ಕೇಳಿ ಮುಂದಕ್ಕೆ ಹೋದ.

ಸುದ್ದಿ ಕೇಳಿ ಮೊದಲು ಬಂದವರೇ ಮಾಸ್ತರರು. ನರಗುಂದದಲ್ಲಿ ಮೂರು ವರ್ಷ ನನಗೆ ಕನ್ನಡ ಕಲಿಸಿದವರು, ಆಮೇಲೆ ಅದೇ ಸಾಲಿಗೆ ಹೆಡ್ ಮಾಸ್ತರ್ ಆದವರು. ರಿಟಾಯರ್ ಆದ ಮೇಲೆ ಕಣ್ಣೊಳಗಿನ ಒತ್ತಡದ ಬೇನೆ ಬಂದು ಎರಡೂ ಕಣ್ಣು ಹೋದವು. ಆಗಿನಿಂದ ಗಜೇಂದ್ರಗಡದಲ್ಲಿ, ಸೀರೆ ವ್ಯಾಪಾರದ ಅಳಿಯನ ಮನೆಯಲ್ಲಿದ್ದರು. ಮಗಳ ಹೆಗಲ ಮೇಲೆ ಕೈ ಇಟ್ಟುಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿ ಬಂದರು. ನಾನು ಹದಿನಾಲ್ಕು ಬಾರಿ ಉಸಿರು ಹಿಡಿದೆ. ಮರುದಿನವೇ ಯಂತ್ರವನ್ನು ಕೆಳಗಿನ ಕೋಣೆಗೆ ಇಳಿಸಿದೆ.

ಅವರು ಮೆಟ್ಟಿಲು ಹತ್ತಿ ಬಂದ ದಿನ ಮಾತ್ರ ಯಂತ್ರ ನನ್ನ ಮಾನ ಕಳೆಯಿತು. ತರಬೇತಿಯಲ್ಲಿ ಟೈಪು ಮಾಡಿ ತಂದ ಕನ್ನಡದ ಸಾಲನ್ನು ಎದುರಿಗಿಟ್ಟು ಬಟನ್ ಒತ್ತಿದರೆ ಸುಮ್ಮನೆ ಕುಳಿತಿತ್ತು. ಮತ್ತೆ ಒತ್ತಿದೆ. "ಬ್ಲ್ಯಾಂಕ್," ಎಂದಿತು, ವಿಲಾಯತಿಯ ಗತ್ತಿನಲ್ಲಿ. ಅದಕ್ಕೆ ಇಂಗ್ಲಿಷ್ ಒಂದೇ ಬರುತ್ತದೆ, ಕನ್ನಡದ ಅಕ್ಷರ ಅದರ ಪಾಲಿಗೆ ಖಾಲಿ ಹಾಳೆ ಎಂದು ವಿವರಿಸಿದೆ.

"ಕನ್ನಡ ಒಂದಕ್ಷರ ಬರೂದಿಲ್ಲ?" ಎಂದರು ಮಾಸ್ತರರು. "ಮತ್ತ ಎದಕ್ಕ ಹೆಸರ ಹಚ್ಚಿಕೊಂಡಿ? ನಾ ಆಗಿದ್ರ ಒಂದನೇ ಇಯತ್ತೆಕ್ಕ ಕೂಡಸ್ತಿದ್ನಿ."

ಆದರೆ ಯಂತ್ರಕ್ಕೆ ಮಾತು ಬಾರದಿದ್ದರೂ ಕಿವಿ ಚಲೋ ಇತ್ತು. ನಾನು ಮೈಕಿನಲ್ಲಿ ಓದಿದರೆ ಅದು ಹಿಡಿದಿಟ್ಟುಕೊಂಡು, ಬೇಕಾದಾಗ ಬೇಕಾದಲ್ಲಿಂದ ಕೇಳಿಸಬಲ್ಲದು ಎಂದೆ. ಮಾಸ್ತರರು ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು: ನಡುವೆ ನಿಲ್ಲಿಸಬಹುದೇ, ಹಿಂದಕ್ಕೆ ಹೋಗಬಹುದೇ, ಯಾರನ್ನೂ ಕೇಳದೆ ತಾವೇ ಮಾಡಬಹುದೇ. ಹೌದು ಎಂದ ಮೇಲೆ ಕೈಚೀಲದಿಂದ ನೂರು ಪುಟದ ಒಂದು ತೆಳ್ಳನೆಯ ಪುಸ್ತಕ ತೆಗೆದರು. ಮಗಳು ಆ ಪುಸ್ತಕ ಕಂಡವಳೇ ತೊಲೆಗಳನ್ನು ಎಣಿಸುವವಳ ಹಾಗೆ ಮೇಲೆ ನೋಡತೊಡಗಿದಳು.

ಪುಸ್ತಕ ಅವರ ಗೆಳೆಯರದು. ಚಿಕ್ಕನರಗುಂದದವರು, ಅದೇ ಸಾಲಿಯಲ್ಲಿ ಗಣಿತ ಕಲಿಸುತ್ತಿದ್ದರು. ನಾನೂ ಅವರ ಕೈಯಲ್ಲಿ ಕಲಿತವನೇ. ಹದಿನಾರು ವರ್ಷ ಇಬ್ಬರೂ ಒಂದೇ ಕಪ್ಪಿನ ಚಹಾವನ್ನು ಬಶಿಯಲ್ಲಿ ಹಂಚಿಕೊಂಡು ಕುಡಿದವರು. ಮಾಸ್ತರರು ಹೆಡ್ ಮಾಸ್ತರ್ ಆದ ವರ್ಷ ಒಂದು ದಿನ, ಗೆಳೆಯರು ತಡವಾಗಿ ಬಂದರೆಂದು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯ ಗೆರೆ ಎಳೆದರು. ಅಂದಿನಿಂದ ಮಾತು ಬಂದಾಯಿತು. ಒಂದೇ ಕೋಣೆಯಲ್ಲಿ ಕುಳಿತು, ಸೀಮೆಸುಣ್ಣ ಬೇಕಾದರೂ ಸಿಪಾಯಿಯ ಮೂಲಕ ಹೇಳಿ ಕಳಿಸುತ್ತಿದ್ದರಂತೆ. ಸಿಪಾಯಿ ಇಬ್ಬರ ನಡುವಿನ ನಾಲ್ಕು ಹೆಜ್ಜೆ ನಡೆದು ನಡೆದು ಸವೆದಿದ್ದ. ಹನ್ನೆರಡು ವರ್ಷ ಹೀಗೇ ಹೋಯಿತು. ಕೊನೆಗೆ ಗೆಳೆಯರು ತಮ್ಮ ನೆನಪುಗಳನ್ನು ಬರೆದು, ಸ್ವಂತಕ್ಕೆ ಅಚ್ಚು ಹಾಕಿಸಿ, ಹಂಚಿ, ಮರುವರ್ಷ ತೀರಿಕೊಂಡರು. ಪುಸ್ತಕ ಬರುವ ಹೊತ್ತಿಗೆ ಮಾಸ್ತರರ ಕಣ್ಣು ಹೋಗಿದ್ದವು.

"ಇದನ್ನ ಮೂರು ಮಂದಿ ನನಗ ಓದಿ ಹೇಳ್ಯಾರ," ಎಂದರು ಮಾಸ್ತರರು. "ಮಗಳು ಓದಿದ್ಲು, ಅಳಿಯ ಓದಿದಾ, ಬಾಜೂ ಮನಿಯಾಂವ ಓದಿದಾ. ಮೂರೂ ಮಂದಿಗೆ ಒಂದ ಜಾಗಾದಾಗ ಕೆಮ್ಮು ಬಂತು. ನಾ ಹೆಡ್ ಮಾಸ್ತರ್ ಆದೆ ಅಂತ ಬರ್ತೈತಿ, ಆಮ್ಯಾಲ ಕೆಮ್ಮು, ಆಮ್ಯಾಲ ಒಮ್ಮೆಲೇ ಪುರ್ತಗೇರಿ ಮಾವಿನಗಿಡದ ಕಥಿ. ನಡುವ ಏನೋ ಐತಿ ತಮ್ಮಾ. ಹನ್ನೆರಡು ವರ್ಷದಾಗ ಅಂವಾ ನನಗಂತ ಮಾತಾಡಿದ್ದು ಅದೊಂದ. ಅದು ಏನಂತ ನಾನ ಓದಬೇಕು."

"ಅಬ್ಬಾ, ಅಲ್ಲೇನೂ ಇಲ್ಲ ಅಂತ ಎಷ್ಟ ಸಲ ಹೇಳಬೇಕು," ಎಂದಳು ಮಗಳು, ತಂದೆಯ ಬದಲು ತೊಲೆಗೆ.

ನಾನು ಪುಸ್ತಕದ ಮೇಲೆ ಕೈ ಇಟ್ಟು, ಮೊದಲ ಪುಟದಿಂದ ಪ್ರೆಸ್ಸಿನ ವಿಳಾಸದ ತನಕ ಒಂದಕ್ಷರ ಬಿಡದೆ ಓದುತ್ತೇನೆ ಎಂದು ಮಾತು ಕೊಟ್ಟೆ. ಮಾತು ಕೊಡುವಾಗ ನನಗೆ ಯಾವ ಚಿಂತೆಯೂ ಆಗಲಿಲ್ಲ. ಅದೇ ನನಗೆ ಎಚ್ಚರಿಕೆಯಾಗಬೇಕಿತ್ತು.

ಮೆಟ್ಟಿಲಿಳಿಸಿ ತಂದೆಯನ್ನು ಕಟ್ಟೆಯ ಮೇಲೆ ಕೂಡಿಸಿದ ಮಗಳು, ಕೊಡೆ ಮರೆತೆ ಎಂಬ ನೆಪ ಮಾಡಿ ಮೇಲೆ ಬಂದಳು. ಅದು ಬೇಸಿಗೆ.

"ಅಣ್ಣಾರ, ಎಂಬತ್ತೇಳನೇ ಪುಟದಾಗ ಅಬ್ಬಾನ್ನ ಕತ್ತಿ ಅಂತ ಬರದಾರ್ರಿ," ಎಂದಳು ಸಣ್ಣ ದನಿಯಲ್ಲಿ. "ಅಚ್ಚು ಹಾಕಸ್ಯಾರ. ಅವರಿಗೆ ಬೀಪಿ ಐತಿ. ಸತ್ತ ಗೆಳ್ಯಾ ಹಿಂಗಂದಾ ಅಂತ ತಿಳೀತಂದ್ರ ಏನಾಕ್ಕೈತೋ ಏನೋ. ನೀವು ತಿಳದಾವ್ರು."

ತಿಳಿದವರು ಎಂದು ನನ್ನನ್ನು ಕರೆದವರು ಬಹಳ ಕಡಿಮೆ. ಅಂದು ಸಂಜೆ ಇಪ್ಪತ್ತನಾಲ್ಕನೆಯ ಕಾರ್ಡು ತೆಗೆದು, "ಮಾಸ್ತರರು. ಕತ್ತೆ. ಬೀಪಿ." ಎಂದು ಬರೆಯಲು ಹೋದೆ. ಯಾರಾದರೂ ಓದಿದರೆ ಎಂಬ ಭಯಕ್ಕೆ ಹರಿದು ಹಾಕಿದೆ.

ಓದು ಶುರುವಾಯಿತು. ಕೆಳಗಿನ ಕೋಣೆಯ ಕಿಟಕಿಗೆ ಮನೆಯಿಂದ ತಂದ ಎರಡು ಕೌದಿ ತೂಗುಹಾಕಿದೆ. ಮಧ್ಯಾಹ್ನ ಒಂದು ತಾಸು, ವಾಚನಾಲಯದಲ್ಲಿ ಮಲಗುವವರೆಲ್ಲ ಮಲಗಿದ ಮೇಲೆ, ಬೆವರುತ್ತ ಓದುವೆ. ಕೌದಿ ಗಾಳಿಯನ್ನು ಪೂರ್ತಿ ತಡೆಯಿತು, ಹಾರ್ನನ್ನು ತಡೆಯಲಿಲ್ಲ. ನಮ್ಮ ಸ್ಟ್ಯಾಂಡಿನಲ್ಲಿ ಡ್ರೈವರುಗಳು ಹಾರ್ನ್ ಹೊಡೆಯುವುದು ದಾರಿ ಬಿಡಲಿ ಎಂದಲ್ಲ. ಚಹಾ ಕುಡಿಯುತ್ತ ನಿಂತ ಕಂಡಕ್ಟರನನ್ನೂ, ಎಲೆ ಅಡಿಕೆ ತರಲು ಹೋದ ಪ್ರಯಾಣಿಕರನ್ನೂ ಕರೆಯಲು. ಅವರು ಬಂದು ಹತ್ತುವ ತನಕ ಕೈ ತೆಗೆಯುವುದಿಲ್ಲ. ಹಾರ್ನ್ ಮುಗಿಯಲೆಂದು ಕಾದರೆ ಪುಸ್ತಕ ಮುಗಿಯುವುದಿಲ್ಲವೆಂದು, ಅದರ ಮೇಲೆಯೇ ದನಿ ಏರಿಸಿ ಓದಿದೆ. ಮಂಗಗಳು ಒಂದು ದಿನ ಬಂದವು. ಕೌದಿ ಸರಿಸಿ, ಮೈಕನ್ನೂ ನನ್ನನ್ನೂ ನೋಡಿ, ಎರಡೂ ತಿನ್ನುವಂಥವಲ್ಲ ಎಂದು ತಿಳಿದು ಹೋದವು.

ಎಂಬತ್ತೇಳನೆಯ ಪುಟ ಬಂತು. ಮಾತು ಕೊಟ್ಟಿದ್ದೆನಲ್ಲ, ಓದಿದೆ. ಕತ್ತೆ ಎಂಬ ಶಬ್ದ ನಿಜವಾಗಿ ಅಲ್ಲಿತ್ತು, ಅದರ ಹಿಂದೆ "ಹಟಮಾರಿ" ಎಂಬ ವಿಶೇಷಣವೂ ಇತ್ತು. ಅಲ್ಲಿಂದ ಮುಂದೆ ಏನು ಓದಿದೆನೋ ನನಗೇ ತಿಳಿಯಲಿಲ್ಲ. ನಾಲಗೆ ಓದುತ್ತಿತ್ತು, ತಲೆ ಮಾತ್ರ ದವಾಖಾನೆಯ ಬಾಗಿಲಲ್ಲಿ ನಿಂತು ಮಗಳಿಗೆ ಸಮಾಧಾನ ಹೇಳುತ್ತಿತ್ತು.

ಮುಗಿಸಿ ಪರದೆ ನೋಡಿದೆ. ನಾವು ಓದಿದ್ದು ಅಲ್ಲಿ ಗುಡ್ಡಗಳ ಸಾಲಿನಂತೆ ಕಾಣುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಬೇಡವೋ ಅಷ್ಟಕ್ಕೆ ಗುರುತು ಮಾಡಿ ಒಂದು ಬಟನ್ ಒತ್ತಿದರೆ ಅಷ್ಟು ಗುಡ್ಡ ಮಾಯವಾಗಿ ಎರಡೂ ಬದಿ ಕೂಡಿಕೊಳ್ಳುತ್ತವೆ. ಇದನ್ನು ರೋಣದಲ್ಲಿ ಕೆಮ್ಮು, ಸೀನು ತೆಗೆಯಲು ಕಲಿಸಿದ್ದರು. ನಾನು ಕೆಮ್ಮಲಿಲ್ಲ, ಬಿಟ್ಟು ಓದಲಿಲ್ಲ, ಕೊಟ್ಟ ಮಾತಿನಂತೆ ಎಲ್ಲ ಓದಿದ್ದೇನೆ. ಯಂತ್ರ ಅಷ್ಟು ನೆನಪಿಟ್ಟುಕೊಳ್ಳಲಿಲ್ಲ ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ. ಒತ್ತಿದೆ. ಹೆಡ್ ಮಾಸ್ತರ್ ಆದ ಸುದ್ದಿಗೂ ಮಾವಿನಗಿಡಕ್ಕೂ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಜಾಗವೂ ಉಳಿಯಲಿಲ್ಲ. ಒಮ್ಮೆ ಕೇಳಿ ನೋಡಿದೆ. ನನ್ನ ದನಿಯಲ್ಲಿ ಎಲ್ಲೂ ಗಂಟು ಕಾಣಲಿಲ್ಲ. ಮೂರು ಮಂದಿ ಮಾಡಲಾರದ್ದನ್ನು ಮಾಡಿದೆ ಎಂಬ ಹೆಮ್ಮೆಯಲ್ಲಿ ಅಂದು ಮನೆಗೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋದೆ.

ಮಾಸ್ತರರು ಕೇಳಲು ಬಂದ ಮೊದಲ ದಿನ, ಕೀಬೋರ್ಡಿನ ಉದ್ದನೆಯ ಪಟ್ಟಿಯ ಮೇಲೆ ಅರ್ಧ ಬೆಂಕಿಕಡ್ಡಿ ಅಂಟಿಸಿದೆ. ಹಿಂದಕ್ಕೆ ಹೋಗುವ ಬಟನ್ನಿಗೆ ಒಂದು ಸಾಸಿವೆ ಕಾಳು. ಕಡ್ಡಿ ಒತ್ತಿದರೆ ಓದು, ಮತ್ತೆ ಒತ್ತಿದರೆ ನಿಲ್ಲು. ಕಾಳು ಒತ್ತಿದರೆ ತುಸು ಹಿಂದೆ. ಅವರು ಅರ್ಧ ತಾಸಿನಲ್ಲಿ ಕಲಿತರು. ನಾನು ರೋಣದಲ್ಲಿ ಇಡೀ ದಿನ ಕಳೆದಿದ್ದೆ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಪಕ್ಕದಲ್ಲಿ ಕಾಯುತ್ತ ಕುಳಿತ ಮಗಳಿಗೆ, "ನೀ ಹೋಗವಾ. ನಾ ಓದಕ್ಹತ್ತೀನಿ," ಎಂದರು. ಆಕೆ ಬಾಗಿಲಲ್ಲಿ ತುಸು ಹೊತ್ತು ನಿಂತಿದ್ದಳು. ಆರು ವರ್ಷದಿಂದ ತಂದೆ ಆ ಮಾತು ಆಡಿರಲಿಲ್ಲವೆಂದು ಆಮೇಲೆ ಹೇಳಿದಳು.

ನನ್ನನ್ನು ನಡುವಾಕ್ಯದಲ್ಲಿ ನಿಲ್ಲಿಸುವುದು ಅವರಿಗೆ ಬಹಳ ಖುಷಿ ಕೊಟ್ಟಿತು. ಸಾಲಿಯಲ್ಲಿ ನಿನ್ನ ಬಾಯಿ ಮುಚ್ಚಿಸಲು ರೂಲುಪಟ್ಟಿ ಬೇಕಾಗುತ್ತಿತ್ತು, ಈಗ ಬೆಂಕಿಕಡ್ಡಿ ಸಾಕಾಯಿತು ಎಂದರು. ನನ್ನ ಉಚ್ಚಾರದಲ್ಲಿ ಏಳು ಕಡೆ ತಪ್ಪು ಹಿಡಿದರು. ಕಿವಿಗೆ ಕೈ ಹಾಕಲಿಲ್ಲ. ಎಲ್ಲವೂ ನಾನು ಹೆದರಿದಂತಾಗದೆ ಸುಸೂತ್ರವಾಗಿ ನಡೆದಿತ್ತು.

ನಾಲ್ಕನೆಯ ದಿನ ಕೆಳಗಿನಿಂದ ನನ್ನನ್ನು ಕರೆದರು. ಹೋದೆ. ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಹಚ್ಚು ಎಂದರು. ಹಚ್ಚಿದೆ. ಸಾಸಿವೆ ಕಾಳು ಒತ್ತಿದರು, ಕಡ್ಡಿ ಒತ್ತಿದರು. ನನ್ನ ದನಿ, "ಅದೇ ವರ್ಷ ಅವರು ಮುಖ್ಯಾಧ್ಯಾಪಕರಾದರು," ಎಂದಿತು. ಅದರ ಬೆನ್ನ ಹಿಂದೆ ನರಗುಂದದ ಬಸ್ಸಿನ ಹಾರ್ನ್ "ಪೋಂ" ಎಂದು ಶುರುವಾಗಿ, ಕತ್ತರಿಸಿದಂತೆ ನಿಂತಿತು. "ಪುರ್ತಗೇರಿಯಲ್ಲಿ ಒಂದು ಮಾವಿನಗಿಡವಿತ್ತು," ಎಂದು ನಾನು ನೆಮ್ಮದಿಯಾಗಿ ಮುಂದುವರಿದೆ. ಕಾಳು. ಕಡ್ಡಿ. ಪೋಂ. ಮಾವಿನಗಿಡ. ಎಂಟು ಸಲ ಹೀಗಾಯಿತು.

"ಈ ಹಾರ್ನ್ ಪೂರಾ ಎಲ್ಲಿ ಐತಿ?" ಎಂದರು.

ಡ್ರೈವರ್ ಕೈ ತೆಗೆದಿರಬೇಕು ಎಂದೆ.

"ಗಜೇಂದ್ರಗಡದಾಗ ಅರ್ಧಾ ಹಾರ್ನ್ ಹೊಡಿಯೂ ಡ್ರೈವರ್ ಯಾರದಾನು, ಹೆಸರ ಹೇಳು."

ಬಸ್ಸು ಮುಂದಕ್ಕೆ ಹೋಗಿರಬಹುದು ಎಂದೆ.

"ಪೋಂ ಅನ್ನೂದ್ರಾಗ ನರಗುಂದಾ ಮುಟ್ಟಿತೇನು?" ಎಂದು ಮಾಸ್ತರರು ಕಡ್ಡಿಯ ಮೇಲಿಂದ ಬೆರಳು ತೆಗೆದರು. "ಅವರೆಲ್ಲಾ ಕೆಮ್ಮಿದ್ರು. ಕೆಮ್ಮನ್ನ ಹಿಂದಕ್ಕ ಓಡಿಸಿ ಕೇಳಾಕ ಬರೂದಿಲ್ಲ. ನಿಂದು ಬರ್ತೈತಿ. ಪುಸ್ತಕಾ ತಗೊಂಡು ಬಾ, ತಮ್ಮಾ."

ಪುಸ್ತಕ ತಂದೆ. ಎಂಬತ್ತೇಳನೆಯ ಪುಟ ತೆರೆದೆ. ಬೀಪಿಯ ಗುಳಿಗೆ ಇಟ್ಟುಕೊಂಡಿದ್ದೀರಾ ಎಂದು ಕೇಳಿದೆ. ಜೇಬು ತಟ್ಟಿ ತೋರಿಸಿದರು. ನೀರಿನ ತಂಬಿಗೆ ಹತ್ತಿರ ಇಟ್ಟು, ಬಾಗಿಲು ತೆರೆದಿಟ್ಟು, ಓದಿದೆ. ಈ ಸಲ ಏನು ಓದುತ್ತಿದ್ದೇನೆ ಎಂದು ನನಗೂ ತಿಳಿಯಿತು.

"ನನ್ನ ಹೆಸರಿನ ಮುಂದೆ ಅವರು ಕೆಂಪು ಗೆರೆ ಎಳೆದರು. ಆ ದಿನ ನಾನು ತಡವಾಗಿ ಬಂದಿರಲಿಲ್ಲ. ಸಾಲಿಯ ಗಡಿಯಾರ ಹತ್ತು ನಿಮಿಷ ಮುಂದಿತ್ತು. ಅದಕ್ಕೆ ಕೀಲಿ ಕೊಡುತ್ತಿದ್ದವರು ಅವರೇ. ಅವರೊಬ್ಬ ಹಟಮಾರಿ ಕತ್ತೆ."

ಮಾಸ್ತರರು ಕೈ ಎತ್ತಿದರು. ನಾನು ತಂಬಿಗೆ ಎತ್ತಿದೆ.

"ಇನ್ನೊಮ್ಮೆ ಓದು."

ಓದಿದೆ. ಅವರ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಆಮೇಲೆ ನಗೆ ಹೊರಗೆ ಬಂತು. ಮೇಲೆ ಮಲಗಿದ್ದವರಲ್ಲಿ ಯಾರೋ ಎದ್ದು ಇಣುಕಿ ನೋಡಿದರು. "ಅಂವನ. ಅಂವನ ಮಾತ ಇದು," ಎಂದು ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡರು. "ಎಲ್ಲೆ ನನ್ನ ದೊಡ್ಡ ಮನಷ್ಯಾ ಅಂತ ಹೊಗಳಿ ಮುಗಿಸ್ಯಾನೋ ಅಂತ ಹೆದರಿದ್ನಿ. ಮಂದಿ ಕೆಮ್ಮೂದು ಕೇಳಿ, ಅಳು ಬಂದು ಕೆಮ್ಮತಾರ, ಅದ ಇರಬೇಕು ಅನಿಸಿತ್ತು." ಆಮೇಲೆ ನನ್ನ ಕೈಯಲ್ಲಿದ್ದ ಪುಸ್ತಕದ ಕಡೆಗೆ ತಿರುಗಿ, ಬಹಳ ಗಂಭೀರವಾಗಿ, "ಗಡಿಯಾರ ಬರೋಬ್ಬರಿ ಇತ್ತು," ಎಂದರು.

ಇನ್ನೂ ಎರಡು ಸಾಲು ಇವೆ ಎಂದೆ. ಅವನ್ನು ಮಗಳೂ ಓದಿರಲಿಲ್ಲ, ಅಳಿಯನೂ ಓದಿರಲಿಕ್ಕಿಲ್ಲ. ಕತ್ತೆ ಕಂಡ ಕೂಡಲೇ ಎಲ್ಲರೂ ನನ್ನ ಹಾಗೆಯೇ ಓಡಿದ್ದರು.

"ಈ ಪುಸ್ತಕದಲ್ಲಿ ಅಚ್ಚಿನ ತಪ್ಪುಗಳಿದ್ದರೆ ಓದುಗರು ಕ್ಷಮಿಸಬೇಕು. ಅವನ್ನು ಹಿಡಿಯಬಲ್ಲ ಒಬ್ಬನೇ ಒಬ್ಬ ನನ್ನ ಜೊತೆ ಮಾತು ಬಿಟ್ಟಿದ್ದಾನೆ."

ನಗೆ ನಿಂತಿತು. ಗುಳಿಗೆ ಎಂದೆ, ಬೇಡ ಎಂದು ಕೈ ಆಡಿಸಿದರು. ಹೊರಗೆ ಯಾವುದೋ ಬಸ್ಸು ಹೊರಟಿತು, ಹೋಯಿತು.

"ತಪ್ಪು ಅದಾವೇನು?" ಎಂದರು.

"ಭಾಳ ಅದಾವ್ರಿ ಸರ್ರ. ಪುಟಕ್ಕ ಮೂರೋ ನಾಕೋ."

"ಮತ್ತ ನೀ ಓದಿದಾಗ ನನಗೊಂದೂ ಕೇಳ್ಸಲಿಲ್ಲಲ್ಲ?"

ತಪ್ಪಿದ್ದಲ್ಲೆಲ್ಲ ನಾನೇ ಸರಿ ಮಾಡಿಕೊಂಡು ಓದಿದೆ ಎಂದೆ. ಇದನ್ನಾದರೂ ಅವರು ಮೆಚ್ಚಿಯಾರೆಂದು ನನಗೆ ಆಸೆಯಿತ್ತು.

ಮಾಸ್ತರರು ನನ್ನ ಕಡೆ ಮುಖ ತಿರುಗಿಸಿದರು. ನನ್ನ ಕಿವಿ ತಾನಾಗಿಯೇ ಬಿಸಿಯಾಯಿತು. ಆಮೇಲೆ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, ತಡಕಿ ಮೈಕು ಹುಡುಕಿ, ಅದನ್ನು ನನ್ನ ಕಡೆ ತಿರುಗಿಸಿದರು.

"ಒಂದನೇ ಪುಟದಿಂದ ಸುರು ಮಾಡು. ತಪ್ಪಿದ್ದಲ್ಲೆ ತಪ್ಪ ಓದು."

ಒಂದನೆಯ ಪುಟದಲ್ಲಿ ಮೂರಿದ್ದವು. ಮೂರಕ್ಕೂ ನನ್ನನ್ನು ನಿಲ್ಲಿಸಿದರು.